ಸೊಕ್ಕಿದ ಅವರೆಬಳ್ಳಿ

ಸಂಕ್ರಾಂತಿಗೆ ಅಕ್ಕನ ಮನೆಗೆ ಒಂದು ಕುಕ್ಕೆ ಅವರೆಕಾಯಿ ಹೋಗಲೇಬೇಕು. ಅವ್ವ ಇದ್ದಾಗಿನ ಪದ್ಧತಿ. ಅವ್ವ ಹೋದ ಮೇಲೆ ಕುಕ್ಕೆ ನನ್ನ ತಲೆಗೆ ಬಂತು. ಕಾಯಿ ಅಂಗಡಿಯದ್ದಾಗಬಾರದು, ತವರಿನ ನೆಲದ್ದೇ ಆಗಬೇಕು.

ಅವ್ವ ಆ ಅವರೆಯ ಬೀಜವನ್ನು ರಾಗಿ ಹೊಲದ ನಡುನಡುವಿನ ಅಕ್ಕಡಿ ಸಾಲಿನಲ್ಲಿ ಬಿತ್ತುತ್ತಿದ್ದಳು. ಮೊಣಕಾಲೆತ್ತರದ ಗಿಡ, ಮೈತುಂಬ ಕಾಯಿ. ನಾನೋ ಅರ್ಧಕ್ಕೇ ಶಾಲೆ ಬಿಟ್ಟು, ಅರಕಲಗೂಡಿನ ಪಕ್ಕ ಶುಂಠಿ ಬೆಳೆದು ಹೆಸರು ಮಾಡಿದವನು. ಅವ್ವನ ಬೀಜಕ್ಕೆ ಇನ್ನೂ ಯಾಕೆ ಬಡತನ ಅಂತ, ಶುಂಠಿ ಬೆಳೆದಿದ್ದ ನೆಲಕ್ಕೇ ಹಾಕಿದೆ. ಕೊಟ್ಟಿಗೆ ಗೊಬ್ಬರ, ಡ್ರಿಪ್ ನೀರು, ಹಬ್ಬಲು ಚಪ್ಪರ.

ಬಳ್ಳಿ ಚಪ್ಪರ ಹತ್ತಿತು, ಪಂಪ್‌ಸೆಟ್ ಮನೆ ಹತ್ತಿತು, ಅಲ್ಲಿಂದ ಕರೆಂಟ್ ಕಂಬದ ಕಡೆ ಕೈ ಚಾಚಿತು. ದಾರಿಹೋಕರನ್ನೆಲ್ಲ ಕರೆದು ತೋರಿಸಿದೆ. ಹೂವೆಲ್ಲಿ ಅಂತ ಒಬ್ಬರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ದೀಪಾವಳಿ ಮುಗಿಸಿಕೊಂಡು ಚನ್ನರಾಯಪಟ್ಟಣದ ಕಡೆಯಿಂದ ಭಾವ ಬಂದರು. ಒಣಹೊಲದ ಮನುಷ್ಯ. ಬಳ್ಳಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಏನ್ಲಾ ಬಾಮೈದ, ಅವರೆ ಬೆಳ್ದಿದ್ದೀಯೋ, ದನುಕ್ಕೆ ಸೊಪ್ ಬೆಳ್ದಿದ್ದೀಯೋ?"

"ಬೀಜ ಕೆಟ್ಟೋಗೈತೆ ಕಣ್ ಭಾವ."

"ಬೀಜುಕ್ಕೇನ್ಲಾ ಆಗೈತೆ? ಅದೇ ಬೀಜನ ನಿಮ್ಮಕ್ಕ ಮದ್ವೆಯಾದ್ ವರ್ಸ ಸೆರಗಲ್ಲಿ ಗಂಟಾಕ್ಕೊಂಡ್ ಬಂದ್ಲು. ನಮ್ಮಲ್ಲಿ ನೀರಿಲ್ದೆ ಸಾಯೋ ಭಯುಕ್ಕೆ ಬಿರ್ರನೆ ಕಾಯಿ ಬುಡ್ತದೆ. ಇಲ್ಲಿ ಅದುಕ್ಕೇನ್ ಕಷ್ಟ? ಉಂಡುಂಡು ಸೊಕ್ಕೈತೆ. ನಿನ್ನಂಗೇ ಕಣ್ಲಾ!"

ಸಿಟ್ಟಿಗೆ ಅವತ್ತೇ ಡ್ರಿಪ್ ನಿಲ್ಲಿಸಿದೆ. ಬಳ್ಳಿ ಮುಖ ಬಾಡಿಸಿಕೊಂಡಿತು. ಆಮೇಲೆ ಗಾಬರಿಬಿದ್ದಂತೆ ಅಲ್ಲೊಂದು ಇಲ್ಲೊಂದು ಹೂವು ಬಿಟ್ಟಿತು. ಹಬ್ಬದ ಹೊತ್ತಿಗೆ ಸಿಕ್ಕಿದ್ದು ಒಂದು ಬೊಗಸೆ ಕಾಯಿ.

"ಸಂತೇಲಿ ತಂದು ತುಂಬ್ಸಿ, ಯಾರಿಗ್ ಗೊತ್ತಾಯ್ತದೆ?" ಅಂದಳು ಹೆಂಡತಿ.

ನನಗೆ ಗೊತ್ತಾಗುತ್ತದಲ್ಲ! ಆ ಬೊಗಸೆಯನ್ನೇ ದೊಡ್ಡ ಕುಕ್ಕೆಯ ತಳದಲ್ಲಿ ಉರುಳಾಡಿಸಿಕೊಂಡು ಹೊಳೆನರಸೀಪುರದ ಮೇಲೆ ಚನ್ನರಾಯಪಟ್ಟಣಕ್ಕೆ ಹೋಗುವ ಬಸ್ಸು ಹತ್ತಿದೆ.

"ಸಾ, ಖಾಲಿ ಕುಕ್ಕೆ ಮ್ಯಾಲಿಡಿ," ಅಂದ ಕಂಡಕ್ಟರು.

"ಖಾಲಿಯಲ್ಲ ಕಣಪ್ಪ," ಅಂತ ತೊಡೆಯ ಮೇಲೇ ಇಟ್ಟುಕೊಂಡೆ.

ಭಾವ ಕುಕ್ಕೆಗೆ ಇಣುಕಿ, ನಕ್ಕು ನಕ್ಕು ಕೆಮ್ಮು ಹತ್ತಿ ಕೂತರು. ಅಕ್ಕ ನಗಲಿಲ್ಲ. ಕಾಯಿ ತೆಗೆದುಕೊಂಡು, ಕುಕ್ಕೆಗೆ ತನ್ನ ಬೀಜದ ಒಂದು ಗಂಟು ಹಾಕಿದಳು.

"ವರ್ಸಾ ವರ್ಸಾ ಮೊದ್ಲು ಕಾಯಿ ಬುಟ್ಟ ಗಿಡದ್ದೇ ಬೀಜ ಎತ್ತಿಟ್ಟಿವ್ನಿ ಕಣೋ. ಇದುಕ್ಕೀಗ ನೀರ್ ಕುಡುಸುದ್ರೂ ಬ್ಯಾಗ ಕಾಯಿ ಬುಡೋದೇ ಅಭ್ಯಾಸ."

ಮುಂದಿನ ವರ್ಷ ಅದನ್ನು ಶುಂಠಿ ನೆಲಕ್ಕೆ, ಮನೆಯಲ್ಲಿ ಉಳಿದಿದ್ದ ನನ್ನ ಬೀಜವನ್ನು ರಾಗಿ ಸಾಲಿಗೆ ಹಾಕಿದೆ. ನನ್ನದು ಅವ್ವನ ಕಾಲದಂತೆ ಮೊಣಕಾಲೆತ್ತರ ನಿಂತು ಕಾಯಿ ಕಟ್ಟಿತು. ಅಕ್ಕನದೂ ಹಿಂದಿನ ವರ್ಷದ ನನ್ನ ಬಳ್ಳಿಯಂತೆ ಚಪ್ಪರ ಹತ್ತಿತು. ಆದರೆ ಹತ್ತುತ್ತಲೇ ಹೂವು ಬಿಟ್ಟಿತು. ಎರಡನ್ನೂ ಬೆರೆಸಿ ಕುಕ್ಕೆ ತುಂಬಿಸಿ ಹೊತ್ತೊಯ್ದೆ.

"ಇದ್ರಲ್ಲಿ ಅರ್ಧ ನಮ್ ಬೀಜ ಕಣ್ಲಾ," ಅಂದರು ಭಾವ.

"ನೆಲ ನಂದು ಕಣ್ ಭಾವ!"

"ಬೀಜ ಎಲ್ಲಾ ಅವ್ವಂದು," ಅಂತ ಅಕ್ಕ ಇಬ್ಬರ ಮುಂದೂ ಒಂದೊಂದು ಮೊರ ಇಟ್ಟಳು. "ಸುಮ್ಕೆ ಸುಲೀರಿ."