ದೊಡ್ಡಪ್ಪನ ಗೋಡೆ ಒಡೆದ ಭಾನುವಾರ

ಅಟ್ಟೂರಿನ ನಮ್ಮ ದೊಡ್ಡಪ್ಪನನ್ನು ಚೆಸ್ಸಿನಲ್ಲಿ ನಾನು ಒಮ್ಮೆಯೂ ಸೋಲಿಸಿರಲಿಲ್ಲ. ಅವರಿಗೆ ಯಾವಾಗಲೂ ಕಪ್ಪು ಕಾಯಿಗಳೇ ಬೇಕು. ಮಂತ್ರಿಯ ಪಕ್ಕದ ಒಂಟೆಯ ಮುಂದಿರುವ ಸೈನಿಕನನ್ನು ಒಂದೇ ಮನೆ ಸರಿಸುವರು, ಆಮೇಲೆ ಅದರ ಆಸರೆಯಲ್ಲಿ ನಡುವಿನ ಸೈನಿಕನನ್ನು ನಿಲ್ಲಿಸುವರು. ಪುಸ್ತಕಗಳಲ್ಲಿ ಅದಕ್ಕೆ ಕಾರೊ-ಕಾನ್ ಎಂಬ ಹೆಸರಿದೆ. ದೊಡ್ಡಪ್ಪನಿಗೆ ಅದು "ನಮ್ ಗ್ವಾಡೆ". ಎಷ್ಟು ಗುದ್ದಿದರೂ ನೋಯುವುದು ನಮ್ಮ ಕೈಯೇ.

ಆ ಭಾನುವಾರ ದೊಡ್ಡಮ್ಮ ನನ್ನನ್ನು ಗೇಟಿನ ಬಳಿಯೇ ತಡೆದರು. ಹಿಂದಿನ ವಾರ ಹಾಲು ತರಲು ಹೊರಟ ದೊಡ್ಡಪ್ಪ ಹತ್ತು ಕಿಲೋಮೀಟರ್ ಆಚೆಯ ಗೊರಗುಂಟೆಪಾಳ್ಯದಲ್ಲಿ ಸಿಕ್ಕಿದ್ದರು. ಮನೆಗೆ ಯಾವ ಬಸ್ಸೆಂದು ತಿಳಿಯದೆ ಲಾರಿಗಳ ನಡುವೆ ನಿಂತಿದ್ದರಂತೆ. ಇನ್ನು ಗೇಟಿಗೆ ಬೀಗ ಹಾಕಿಬಿಡೋಣ ಎಂದು ಅವರ ಮಗ ಹಟ ಹಿಡಿದಿದ್ದ.

"ಊರೆಲ್ಲ ಸುತ್ತಿದ ಮನುಸ್ನ ಕಟ್ಟಾಕಕ್ಕಾಯ್ತದಾ? ನೀನು ಬಿಟ್ಕೊಡದೆ ಆಡಪ್ಪ. ಅವ್ರ ತಲೆ ನೆಟ್ಟಗೈತೆ ಅಂತ ನೀನೇಳಿದ್ರೆ ನನ್ ಮಗ ಕೇಳ್ತಾನೆ."

ಬಿಟ್ಟುಕೊಡದೆ ಆಡಿದೆ. ಆ ಗೋಡೆಗೆ ಎದುರಿನಿಂದ ಗುದ್ದಬಾರದು, ಒಳಗಿನ ಜಾಗ ಕಿರಿದು ಮಾಡಬೇಕು. ನಡುವಿನ ಸೈನಿಕನನ್ನು ಮುಂದೊತ್ತಿ, ಅವರ ಕುದುರೆಗೆ ಕಾಲೂರಲು ಒಳ್ಳೆಯ ಮನೆಯಿಲ್ಲದಂತೆ ಮಾಡಿದೆ. ಹೊರಬಂದ ಒಂಟೆಯನ್ನು ಅಂಚಿನ ಸೈನಿಕರಿಂದ ಅಟ್ಟಿದೆ.

"ಏನೋ ಮಗಾ, ನಿನ್ನಾಟ ಎಬ್ಬಾಳದ್ ಜಂಕ್ಷನ್ ಇದ್ದಂಗೈತೆ. ಬರೀ ಆರನ್ ಸದ್ದು, ಗಾಡಿ ಮುಂದುಕ್ಕೋಗಲ್ಲ!"

ನಕ್ಕೆ. ತಲೆ ನೆಟ್ಟಗೇ ಇದೆ ಅನ್ನಿಸಿ ಜೀವ ಹಗುರಾಯಿತು. ಆ ಖುಷಿಯಲ್ಲೇ ಒಂದು ಕುದುರೆಯನ್ನು ಬಲಿಕೊಟ್ಟು ರಾಜನ ಮುಂದಿನ ಗೋಡೆ ಒಡೆದೆ. ಮುಂದಿನ ನಡೆಗೆ ನನ್ನ ಮಂತ್ರಿ ಒಳನುಗ್ಗಬೇಕು. ದೊಡ್ಡಪ್ಪ ಬಹಳ ಹೊತ್ತು ನೋಡಿದರು. ಆಮೇಲೆ ರಾಜನನ್ನೆತ್ತಿ, ಕುದುರೆಯ ಹಾಗೆ ಎರಡೂವರೆ ಮನೆ ಹಾರಿಸಿಟ್ಟರು.

ನಮ್ಮ ಕಡೆಯ ಹಳೆಯ ಆಟದಲ್ಲಿ ರಾಜನಿಗೆ ಒಮ್ಮೆ ಹಾಗೆ ಹಾರುವ ಹಕ್ಕಿತ್ತು. ಅದೆಲ್ಲ ಈಗ ನಡೆಯುವುದಿಲ್ಲ ಎಂದು ನನಗೆ ಕಲಿಸಿದವರು ಇದೇ ದೊಡ್ಡಪ್ಪ.

"ತಮಾಷೆ ಸಾಕು ದೊಡ್ಡಪ್ಪ, ರಾಜ ಹಂಗೆ ಹಾರಲ್ಲ."

"ಯಾವೋನೋ ಏಳಿದ್ದು? ಒಂದ್ ಸಲ ಆರ್ಬೋದು. ತಡಿ, ನಮ್ಮಪ್ಪ ಒಲದಿಂದ ಬರ್ಲಿ, ಅವ್ರನ್ನೇ ಕೇಳು."

ಅವರಪ್ಪ ತೀರಿಹೋದಾಗ ನಾನಿನ್ನೂ ಹುಟ್ಟಿರಲಿಲ್ಲ.

ದೊಡ್ಡಮ್ಮ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಆಟ ಅವರಿಗೆ ಬರುವುದಿಲ್ಲ, ಮಾತು ಕೇಳಿಸಿತ್ತು. ಆದರೂ ನಾನು ಬೇರೇನಾದರೂ ಹೇಳಿಯೇನು ಎಂಬಂತೆ ನನ್ನ ಮುಖವನ್ನೇ ನೋಡಿದರು. ಆ ಲಾರಿಗಳ ನೆನಪಾಗಿ ನನಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಇಲ್ಲ ದೊಡ್ಡಮ್ಮ" ಎಂದೆ.

ಅವರು ಲೋಟವನ್ನು ಅಲ್ಲೇ ನೆಲಕ್ಕಿಟ್ಟು ಒಳಗೆ ಹೋದರು. ಫೋನಿನಲ್ಲಿ ಅವರ ದನಿ ಕೇಳಿಸಿತು: "ಊಂ ಕಣಪ್ಪ. ಬರ್ತಾ ಬೀಗ ತಂದ್ಬಿಡು."

"ಬೀಗ ಯಾತುಕ್ಕೋ?" ಎಂದರು ದೊಡ್ಡಪ್ಪ, ಹಲಗೆಯಿಂದ ಕಣ್ಣೆತ್ತದೆ.

ನಾನು ಮಂತ್ರಿಯನ್ನು ಹಿಂದಕ್ಕೆ ತಂದಿಟ್ಟು, "ನಿಮ್ದೇ ಆಟ ದೊಡ್ಡಪ್ಪ" ಎಂದೆ.

"ಎದರ್ಕೊಂಡ್ಯೇನೋ?" ಎಂದು ಅವರು ನಕ್ಕರು.