ಯೂಲಾಲಿಯ ಒದ್ದೆ ಸುಗ್ಗಿ

ಕಡಲಂಚಿನ ಊರಾದ ಷೆಟಿಕ್ಯಾಂಪ್‌ನಲ್ಲಿ ನಮ್ಮ ಮನೆಗೂ ಯೂಲಾಲಿಯ ಮನೆಗೂ ನಡುವೆ ಇರುವುದು ಒಂದು ಬೇಲಿ. ಬೇಲಿಯಾಚೆ, ಕೋಳಿಗೂಡಿನ ಗೋಡೆಯ ಮರೆಯಲ್ಲಿ, ಪ್ರತಿ ಬೇಸಿಗೆಯಲ್ಲೂ ಆಕೆ ನಾಲ್ಕು ಗಾಂಜಾ ಗಿಡ ಬೆಳೆಸುತ್ತಿದ್ದಳು. ನಮ್ಮಲ್ಲಿ ಮನೆಗೆ ನಾಲ್ಕರವರೆಗೆ ಕಾನೂನಿನ ಅಡ್ಡಿಯಿಲ್ಲ. ಟೊಮೆಟೊ ಗಿಡಕ್ಕೆ ಹಾಕುವ ಮೀನಿನ ಗೊಬ್ಬರವನ್ನೇ ಇವಕ್ಕೂ ಹಾಕುತ್ತಿದ್ದಳು. ತಾನು ಒಂದು ದಿನವೂ ಸೇದಿದವಳಲ್ಲ. ಎಲ್ಲ ಗಂಡ ಪ್ಲಾಸಿಡ್‌ಗಾಗಿ.

ಪ್ಲಾಸಿಡ್ ಏಡಿ ಹಿಡಿಯುವ ದೋಣಿಯಲ್ಲಿ ದುಡಿದವನು. ಒಂದು ಸಲ ಕಡಲಿನಲ್ಲಿ ದೋಣಿ ವಾಲಿ, ಪೇರಿಸಿಟ್ಟ ಕಬ್ಬಿಣದ ಬೋನುಗಳು ಅವನ ಬೆನ್ನಿನ ಮೇಲೆ ಬಿದ್ದವು. ನಡೆಯುವಷ್ಟು ಸುಧಾರಿಸಿಕೊಂಡ. ಆದರೆ ಸೊಂಟದಿಂದ ಹಿಮ್ಮಡಿಯವರೆಗೆ ಬೆಂಕಿ ಹರಿದಂಥ ನೋವು ಉಳಿದುಬಿಟ್ಟಿತು. ಅದಕ್ಕೆ ಮಾತ್ರೆ ಬಂತು. ಮಾತ್ರೆ ಮೊದಲು ನೋವನ್ನು ನುಂಗಿತು, ಆಮೇಲೆ ಅವನನ್ನೇ ನುಂಗತೊಡಗಿತು. ಒಂದು ಮಧ್ಯಾಹ್ನ ಯೂಲಾಲಿ ಚರ್ಚಿನ ಅಡುಗೆಮನೆಯಿಂದ ಬಂದು ನೋಡಿದರೆ, ಅವನು ಬಚ್ಚಲಿನ ನೆಲದ ಮೇಲೆ ಬಿದ್ದಿದ್ದಾನೆ, ತುಟಿ ನೀಲಿಗಟ್ಟಿದೆ. ಹೇಗೋ ಬದುಕಿಕೊಂಡ. ಇನ್ನು ಮಾತ್ರೆ ಮುಟ್ಟುವುದಿಲ್ಲವೆಂದು ಆಸ್ಪತ್ರೆಯಲ್ಲೇ ಹೆಂಡತಿಗೆ ಮಾತು ಕೊಟ್ಟ. ಆ ಮಾತನ್ನು ಉಳಿಸಿದ್ದು ಈ ನಾಲ್ಕು ಗಿಡ. ಅಂಗಡಿಯಿಂದ ತಂದ ಗಾಂಜಾ ಅವನಿಗೆ ಒಗ್ಗುತ್ತಿರಲಿಲ್ಲ. ಸೇದಿದರೆ ಎದೆ ಹೊಡೆದುಕೊಂಡು, ಹೆದರಿದ ಮಗುವಿನಂತೆ ಮೂಲೆ ಸೇರುತ್ತಿದ್ದ.

ಆ ಅಕ್ಟೋಬರಿನಲ್ಲಿ ಗಿಡಗಳು ಹಿಂದೆಂದೂ ಇಲ್ಲದಷ್ಟು ಹೂ ಕಟ್ಟಿದ್ದವು. ಯೂಲಾಲಿ ಕೊಂಬೆ ಕತ್ತರಿಸಿ, ಅಗಲವಾದ ಎಲೆಗಳನ್ನು ಸವರಿ, ಹಿತ್ತಿಲಿನ ಮರದ ಕೊಠಡಿಯಲ್ಲಿ ತಲೆಕೆಳಗಾಗಿ ನೇತುಹಾಕಿದಳು. ಕಿಟಕಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡಿದಳು. ಒಂದು ಸಣ್ಣ ಫ್ಯಾನು, ತೇವ ಹೀರುವ ಒಂದು ಯಂತ್ರ. ಬೇಗ ಒಣಗಿಸಿದರೆ ಹೊಗೆ ಗಂಟಲು ಸುಡುತ್ತದೆ, ತೀರಾ ತಡವಾದರೆ ಬೂಸ್ಟು ಹಿಡಿಯುತ್ತದೆ. ಸಣ್ಣ ಕಡ್ಡಿ ಬಗ್ಗದೆ ಪಟ್ಟನೆ ಮುರಿಯುವ ತನಕ ಕಾಯಬೇಕು. ಅದಾದ ಮೇಲೆ ಗಾಜಿನ ಜಾಡಿಗೆ ತುಂಬಿ, ದಿನಾ ಮುಚ್ಚಳ ತೆಗೆದು ಗಾಳಿಯಾಡಿಸುತ್ತ, ವಾರಗಟ್ಟಲೆ ಹದಕ್ಕೆ ಬಿಡಬೇಕು.

ಕಡ್ಡಿ ಇನ್ನೂ ಬಗ್ಗುತ್ತಿರುವಾಗಲೇ ಸುವೆಟ್ ಎದ್ದಿತು. ಬೆಟ್ಟದಿಂದ ಕಡಲಿಗೆ ನುಗ್ಗುವ ಈ ಗಾಳಿ ನಮಗೆ ಹೊಸದಲ್ಲ. ಆದರೆ ಈ ಸಲ ಮಳೆಯನ್ನೂ ಎಳೆದುಕೊಂಡು ಬಂತು. ಬೆಳಗಾಗುವಷ್ಟರಲ್ಲಿ ಕರೆಂಟು ಹೋಗಿತ್ತು, ಆ ಕೊಠಡಿಯ ಅರ್ಧ ಛಾವಣಿ ನಮ್ಮ ಆಲೂಗಡ್ಡೆ ಪಾತಿಯಲ್ಲಿ ಬಿದ್ದಿತ್ತು. ಯೂಲಾಲಿ ಹಾಸಿಗೆಯ ಹೊದಿಕೆಗಳಲ್ಲಿ ಕೊಂಬೆಗಳನ್ನು ಸುತ್ತಿ ಮನೆಯೊಳಗೆ ಸಾಗಿಸುತ್ತಿದ್ದಳು. ನಾನೂ ಓಡಿದೆ. ರಸ್ತೆಯಾಚೆಯಿಂದ ಪ್ಲಾಸಿಡ್‌ನ ಅಕ್ಕ ಜೆಲಿ ಬಂದಳು. ಆ ಗಿಡವನ್ನು ಕಂಡರೆ ಆಕೆಗೆ ಆಗುತ್ತಿರಲಿಲ್ಲ.

"ಊರೋರೆಲ್ಲ ಛಾವಣಿ ಹಿಡ್ಕೊಂಡು ನಿಂತಿದ್ದಾರೆ, ನೀನು ಸೊಪ್ಪು ಹೊತ್ಕೊಂಡು ಓಡಾಡ್ತಿದ್ದೀಯ," ಅಂದಳು ಜೆಲಿ.

"ಆಮೇಲೆ ಬೈಯುವೆಯಂತೆ. ಈಗ ಈ ಹಗ್ಗದ ತುದಿ ಹಿಡಿ."

ಜೆಲಿ ಹಿಡಿದಳು. ಮಲಗುವ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ, ಪ್ಲಾಸಿಡ್ ಮಲಗಿದ್ದ ಮಂಚದ ಮೇಲೆಯೇ ಕೊಂಬೆಗಳನ್ನು ತೂಗುಹಾಕಿದರು. ಅವನ ಮುಖದ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಅವನು ಒರೆಸಿಕೊಳ್ಳಲೂ ಇಲ್ಲ, ನೋಡುತ್ತ ಮಲಗಿದ್ದ. ಹಳೆಯ ದಾಸ್ತಾನು ಆಗಲೇ ಜಾಡಿಯ ತಳ ಕಂಡಿತ್ತು.

ಕರೆಂಟು ಬರಲೇ ಇಲ್ಲ. ಮಂಜು ಇಳಿದು ಗೋಡೆಗಳು ಬೆವರಿದವು. ಯೂಲಾಲಿ ಅಡುಗೆಮನೆಯ ಸೌದೆ ಒಲೆ ಉರಿಸಿ ಕೊಂಬೆಗಳನ್ನು ಅಲ್ಲಿಗೆ ತಂದಳು. ಹೂಗಳು ಹೊರಗಡೆ ಗರಿಗರಿಯಾದವು. ಅವಳು ಮುಟ್ಟಿ ನೋಡಿ ಒಣಗಿತೆಂದುಕೊಂಡಳು. ಅಲ್ಲ, ಹಾಗೆ ಅಂದುಕೊಳ್ಳದೆ ಅವಳಿಗೆ ಬೇರೆ ದಾರಿ ಇರಲಿಲ್ಲ. ಮಂಚದ ಮೇಲೆ ಅವನು ದಿಂಬು ಕಚ್ಚಿಕೊಂಡು ನರಳುತ್ತಿದ್ದ. ಜಾಡಿಗಳಿಗೆ ತುಂಬಿಬಿಟ್ಟಳು.

ಮತ್ತೆ ಮುಚ್ಚಳ ತೆಗೆದಾಗ ಒಣಹುಲ್ಲಿನ ವಾಸನೆ ಬರಲಿಲ್ಲ. ಕೊಟ್ಟಿಗೆಯ ಗಂಜಳದ ಘಾಟು ಮೂಗಿಗೆ ಹೊಡೆಯಿತು. ಹೂವೊಂದನ್ನು ಬಿಡಿಸಿದರೆ ಒಳಗೆ ಜೇಡರ ಬಲೆಯಂಥ ಬೂದು ಬೂಸ್ಟು. ಇನ್ನೊಂದು ಜಾಡಿ, ಅದರಲ್ಲೂ ಅದೇ. ನಾನು ಆ ಹೊತ್ತಿಗೆ ಅವರ ಮೇಜಿನ ಬಳಿ ಇದ್ದೆ. ಅವಳು ಮುಚ್ಚಳಗಳನ್ನು ಒಂದರ ಮೇಲೊಂದು ಜೋಡಿಸುತ್ತ ಕೂತಳು.

ಪ್ಲಾಸಿಡ್ ಗೋಡೆ ಹಿಡಿದುಕೊಂಡು ಎದ್ದು ಬಂದ. "ಬೂಸ್ಟು ಕೆರೆದು ಹಾಕು ಲಾಲಿ. ನಾನು ಸೇದ್ತೀನಿ."

"ಅದು ಎದೆ ಒಳಗೆ ಹೋದ್ರೆ ಉಳಿಯಲ್ಲ ನೀನು."

"ಈಗ ಭಾರಿ ಉಳಿದುಬಿಟ್ಟಿದ್ದೀನಲ್ಲ."

ಅವಳು ಎದ್ದು ಒಲೆಯ ಬಾಗಿಲು ತೆಗೆದು ಆ ಎರಡು ಜಾಡಿಯಲ್ಲಿದ್ದುದನ್ನು ಸುರಿದಳು. ಅವನು ಬೆಂಕಿಗೇ ಕೈ ಹಾಕಿದ. ನಾವಿಬ್ಬರೂ ಸೇರಿ ಎಳೆಯಬೇಕಾಯಿತು. ಬೆರಳುಗಳು ಸುಟ್ಟಿದ್ದವು, ಮುಷ್ಟಿಯೊಳಗೆ ಕಮರಿದ ಹೂವೊಂದಿತ್ತು. ಅದನ್ನು ಬಿಡಿಸಿಕೊಳ್ಳಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಬಿಡಿಸಿಕೊಂಡ ಮೇಲೆ ಇಬ್ಬರೂ ಒಲೆಯ ಮುಂದೆ ಕೂತು ಅತ್ತರು.

ಜೆಲಿಗೆ ಸುದ್ದಿ ಹೇಳಿದವನು ನಾನೇ. ಆಕೆ ಕನ್ನಡಕ ಹಾಕಿಕೊಂಡು, ಉಣ್ಣೆಯ ನೆಲಹಾಸು ಹೆಣೆಯುವ ತನ್ನ ಚೌಕಟ್ಟನ್ನು ಹೊತ್ತುಕೊಂಡು ಬಂದಳು. ಅದಕ್ಕೆ ಹೊಸ ಗೋಣಿಬಟ್ಟೆ ಬಿಗಿದಿತ್ತು.

"ಕೆಟ್ಟಿದ್ದು ಯಾವುದು, ಒಳ್ಳೇದು ಯಾವುದು, ನನಗೆ ತೋರಿಸು," ಅಂದಳು ಯೂಲಾಲಿಗೆ. "ಒಳ್ಳೇದು ಅಂತ ಈ ದರಿದ್ರದಲ್ಲಿ ಏನಾದ್ರೂ ಇದ್ರೆ."

ಉಳಿದ ಜಾಡಿಗಳನ್ನು ಸುರಿದುಕೊಂಡು, ಒಂದೊಂದು ಹೂವನ್ನೂ ಸೀಳಿ ನೋಡಿ ಆರಿಸಿದರು. ಕೆಟ್ಟದ್ದು ಒಲೆಗೆ. ಚೆನ್ನಾಗಿದ್ದದ್ದು ಗೋಣಿಬಟ್ಟೆಯ ಮೇಲೆ, ಒಂದಕ್ಕೊಂದು ತಗಲದಂತೆ. ಕರೆಂಟು ಬಂದು, ಫ್ಯಾನು ತಿರುಗಿ, ಕಡ್ಡಿ ಪಟ್ಟನೆ ಮುರಿಯುವಷ್ಟು ಒಣಗಿದಾಗ ಉಳಿದದ್ದು ಎರಡೇ ಜಾಡಿ.

"ಜೆಲಿ ಮನೇಲಿಡು," ಅಂದ ಪ್ಲಾಸಿಡ್. "ಇಲ್ಲಿದ್ರೆ ಒಂದೇ ವಾರಕ್ಕೆ ಮುಗಿಸಿಬಿಡ್ತೀನಿ."

ಹೀಗೆ ಜೆಲಿ ಶಿಲುಬೆಯ ಕೆಳಗಿನ ಕಪಾಟಿನಲ್ಲಿ ಗಾಂಜಾ ಇಟ್ಟುಕೊಂಡಳು. ದಿನವೂ ಮುಚ್ಚಳ ತೆಗೆದು, ಮೂಗು ಮುರಿದು, ಮತ್ತೆ ಮುಚ್ಚುತ್ತಿದ್ದಳು. ಸಂಜೆ ತಮ್ಮ ಕೋಲೂರಿಕೊಂಡು ಬಂದರೆ ಅವನ ಪಾಲು ಕೊಡುತ್ತಿದ್ದಳು. ಒಂದು ದಿನವೂ ಹೆಚ್ಚು ಕೊಡಲಿಲ್ಲ. ಅವನು ಕೇಳದೇನೂ ಇರಲಿಲ್ಲ.

ಚಳಿಗಾಲದ ಕೊನೆಗೆ, ಮಿ-ಕರೆಮ್ ಹಬ್ಬದಲ್ಲಿ ಊರವರೆಲ್ಲ ವೇಷ ಕಟ್ಟಿಕೊಂಡು ಮನೆಮನೆ ಸುತ್ತುವ ಹೊತ್ತಿಗೆ ಜಾಡಿ ಬರಿದಾಯಿತು. ಆಮೇಲೆ ಅವನು ಹೊರಗೆ ಬರಲಿಲ್ಲ. ಮಧ್ಯಾಹ್ನವೊಂದರಲ್ಲಿ ಗುರುತಿಲ್ಲದ ಪಿಕಪ್ ಒಂದು ಅವರ ಮನೆಯ ದಾರಿಗೆ ತಿರುಗಿತು. ಕದ್ದು ಮಾತ್ರೆ ಮಾರುವ ಯಾರಿಗೋ ಪ್ಲಾಸಿಡ್ ಫೋನು ಮಾಡಿದ್ದ. ಅದು ಯೂಲಾಲಿಗೆ ಗೊತ್ತಾಯಿತು. ಓಡಿಹೋಗಿ ಗಾಡಿಯ ಮುಂದೆ ಹಿಮದ ಮೇಲೆ ಕೂತುಬಿಟ್ಟಳು. ಚಪ್ಪಲಿಯಿಲ್ಲ, ಮೈಮೇಲೆ ಅಡುಗೆಯ ಏಪ್ರನ್.

"ಏಳಜ್ಜಿ, ಚಳಿಗೆ ಸಾಯ್ತೀಯ," ಅಂದ ಗಾಡಿಯೊಳಗಿದ್ದವನು.

"ನನ್ನ ಮೇಲೆ ಗಾಡಿ ಹತ್ತಿಸ್ಕೊಂಡು ಹೋಗಪ್ಪ. ಮನೆ ಒಳಗಿರೋನಿಗೆ ನೀನು ಮಾಡೋದೂ ಅದನ್ನೇ."

ನಾನು ಬೇಲಿ ದಾಟುವಷ್ಟರಲ್ಲಿ ಪ್ಲಾಸಿಡ್ ಬರಿಗಾಲಲ್ಲಿ ಹೊರಗೆ ಬಂದಿದ್ದ. ಗಾಡಿಯವನಿಗೆ ಹೋಗು ಎಂದು ಕೈಸನ್ನೆ ಮಾಡಿದ. ಹೆಂಡತಿಯನ್ನು ಎಬ್ಬಿಸಲು ಬಗ್ಗಿದವನಿಗೆ ಮತ್ತೆ ಎದ್ದು ನಿಲ್ಲಲಾಗಲಿಲ್ಲ. ಅವಳ ಪಕ್ಕದಲ್ಲೇ ಕುಸಿದು ಕೂತ. ಗಾಡಿ ಹಿಂದಕ್ಕೆ ಸರಿದು ಹೋಯಿತು.

"ನನ್ನ ಕೈಲಿ ಆಗ್ತಿಲ್ಲ ಲಾಲಿ."

"ಗೊತ್ತು."

"ಎಲ್ಲಿಗಾದ್ರೂ ಕರ್ಕೊಂಡು ಹೋಗು."

ಜೆಲಿಯೂ ನಾನೂ ಇಬ್ಬರನ್ನೂ ಎತ್ತಿ ಕಾರಿಗೆ ಹತ್ತಿಸಿದೆವು. ಪಟ್ಟಣದ ಆಸ್ಪತ್ರೆಯಲ್ಲಿ ಅವನು ವಸಂತದ ತನಕ ಇದ್ದ. ಬರುವಾಗ ಅರ್ಧ ಮನುಷ್ಯನಾಗಿದ್ದ, ಆದರೆ ಮಾತ್ರೆ ಮುಟ್ಟಿರಲಿಲ್ಲ. ಬೆನ್ನಿಗೆ ಆಗಾಗ ಸೂಜಿ ಹಾಕಿಸಿಕೊಳ್ಳಲು ಹೋಗುತ್ತಾನೆ. ನೋವು ಸ್ವಲ್ಪ ತಗ್ಗುತ್ತದೆ, ಮತ್ತೆ ಏರುತ್ತದೆ. ಕುರ್ಚಿಯಲ್ಲಿ ಹೆಚ್ಚು ಹೊತ್ತು ಕೂರಲು ಈಗಲೂ ಆಗುವುದಿಲ್ಲ. ಊಟದ ಹೊತ್ತಿಗೆ ನಮ್ಮ ಕಿಟಕಿಯಿಂದ ಅವರ ಅಡುಗೆಮನೆ ಕಾಣುತ್ತದೆ: ಅವನು ಗೋಡೆಗೆ ಒರಗಿ ನಿಂತು ಸಾರು ಕುಡಿಯುತ್ತಿರುತ್ತಾನೆ, ಅವಳೂ ಬಟ್ಟಲು ಹಿಡಿದು ಅವನ ಪಕ್ಕದಲ್ಲಿ ನಿಂತಿರುತ್ತಾಳೆ.