ನಾಡಿನಲ್ಲಿ ಕಳೆದುಹೋದ ಅತ್ತೆ

ಇವತ್ತು ಹನೂರಿನ ಬಸ್ ನಿಲ್ದಾಣದ ಬಳಿ ಮೈಕಿನ ಕೀರಲು ಸದ್ದು ಕೇಳಿ ಬಂಡಳ್ಳಿಯ ಅತ್ತೆ ನೆನಪಾದಳು. ಗಂಡ ತೀರಿಹೋಗಿ, ಮಕ್ಕಳಿಲ್ಲದೆ ಒಬ್ಬಳೇ ಇದ್ದ ಅವಳು, ನಾನು ಚಿಕ್ಕವಳಿದ್ದಾಗ ಒಮ್ಮೆ ಒಳ್ಳೆ ಸೀರೆ ಉಟ್ಟು, ಚುನಾವಣೆಯ ಭಾಷಣ ಕೇಳಲು ನನ್ನನ್ನೂ ಕರೆದೊಯ್ದಿದ್ದಳು.

"ನೀವೆಲ್ಲ ನನ್ನ ಮನೆಯವರು" ಎಂದು ನಾಯಕರು ಶುರುಮಾಡಿದಾಗ ಅತ್ತೆಯ ಮುಖ ಅರಳಿತು. ಮಾತು ಮನೆಯಿಂದ ಊರಿಗೆ, ಊರಿನಿಂದ ನಾಡಿಗೆ ಬೆಳೆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಮಾತ್ರ ತಟ್ಟಲಿಲ್ಲ.

ವಾಪಸ್ ಬರುವ ದಾರಿಯಲ್ಲಿ ಕೇಳಿದಳು: "ಮನೆ ಅಂದಾಗ ನಾನೂ ಇದ್ದೆ ಕಣವ್ವ. ನಾಡು ಅನ್ನೋವೊತ್ಗೆ ಎಲ್ಲೋದೆ?"

"ನಮ್ಮನೆಗೇ ಬಂದ್ಬುಡು ಅತ್ತೆ" ಎಂದೆ.

ಅವಳು ನಕ್ಕು ತಲೆ ಸವರಿದಳು. ನಮ್ಮ ಬೀದಿಯ ತಿರುವಿನಲ್ಲಿ ನನ್ನನ್ನು ಬಿಟ್ಟು, ಕತ್ತಲಾಗುವ ಮುಂಚೆ ಒಬ್ಬಳೇ ಹೊರಟುಹೋದಳು.

ಇಂದಿನ ಭಾಷಣವನ್ನು ನಾನೂ ಕೊನೆಯವರೆಗೆ ನಿಂತು ಕೇಳಿದೆ. ಮುಗಿದ ಮೇಲೆ, ಆ ಮಾತುಗಳ ಬಗ್ಗೆ ಮಾತಾಡಲು ಜೊತೆಗೆ ಯಾರೂ ಇರಲಿಲ್ಲ.